ಕೊಯ್ದ ಗದ್ದೆಯ ನೇರಳೆ: ಪುಣೆಯ ಗಂಗೋತ್ರಾ

ಅಗಲ ಐದು ಮಿಲಿಮೀಟರು, ಹೆಚ್ಚೆಂದರೆ ಆರು. ಒಂದು ತೊಗರಿಕಾಳಿನಷ್ಟು ನೇರಳೆ ಗುಂಡು. ಬರಿಗಣ್ಣಿಗೆ ಅಷ್ಟೇ. ಅದನ್ನೇ ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿಯ ಕೆಳಗೆ ಹಿಡಿದು, ಬಿಸಿಲಿಗೆ ತುಸು ವಾರೆ ಮಾಡಿ ನೋಡಬೇಕು. ಅಬ್ಬಾ! ಅದು ಒಂದು ಹೂವೇ ಅಲ್ಲ. ಹತ್ತಾರು ಹೂವುಗಳು ಒಂದೇ ಪೀಠದ ಮೇಲೆ ಒತ್ತಿಕೊಂಡು ನಿಂತಿವೆ, ಅದರಲ್ಲೂ ಎರಡು ಬೇರೆ ಬೇರೆ ಬಗೆಯವು! ಹೊರಗಡೆ ಸುತ್ತಿನ ಮೇಲೆ ಸುತ್ತಾಗಿ ಕೂದಲೆಳೆಯಷ್ಟು ತೆಳ್ಳಗಿನ ಹೆಣ್ಣು ಹೂಗಳು. ನಟ್ಟನಡುವೆ ಒಂದು ಕುಳಿ, ಆ ಕುಳಿಯೊಳಗೆ ಐದೈದು ಪುಟ್ಟ ಹಲ್ಲುಗಳ ಬಾಯಿ ತೆರೆದ ಗಂಡು ಹೂಗಳು. ಪುಣೆಯಿಂದ ಪಶ್ಚಿಮಕ್ಕೆ ಪೌಡ್, ಮುಳಶಿ, ಕಾಮಶೇತ್, ಭೋರ್, ವೆಲ್ಹೆ ಕಡೆಗೆ ನವೆಂಬರಿನ ನಂತರ ಹೋದವರು ಇದನ್ನು ತುಳಿಯದೆ ಬಂದಿರಲಿಕ್ಕಿಲ್ಲ. ತುಳಿದದ್ದು ಗೊತ್ತಾಗಿರಲಿಕ್ಕೂ ಇಲ್ಲ.

ಮರಾಠಿಯಲ್ಲಿ ಇದು ಗಂಗೋತ್ರಾ. ಸಸ್ಯಶಾಸ್ತ್ರಜ್ಞರಿಗೆ ಸಯಥೋಕ್ಲೈನ್ ಪರ್ಪ್ಯೂರಿಯಾ. ಬಳಗ ನಮಗೆಲ್ಲ ಚಿರಪರಿಚಿತ, ಸೇವಂತಿಗೆಯ ಬಳಗ. ಸೂರ್ಯಕಾಂತಿ, ಚೆಂಡುಹೂ, ಕುಸುಬೆ, ಹುಚ್ಚೆಳ್ಳು, ಗರಗದ ಸೊಪ್ಪು, ದವನ ಎಲ್ಲವೂ ಒಂದೇ ಮನೆತನ. ಭೂಮಿಯ ಮೇಲೆ ಹೂ ಬಿಡುವ ಪ್ರತಿ ಹತ್ತು ಪ್ರಭೇದಗಳಲ್ಲಿ ಹೆಚ್ಚುಕಡಿಮೆ ಒಂದು ಈ ಕುಟುಂಬದ್ದು. ದಕ್ಷಿಣ ಅಮೆರಿಕದ ಪೆಟಗೋನಿಯಾದಲ್ಲಿ ಸಿಕ್ಕ, 2010ರಲ್ಲಿ ಪ್ರಕಟವಾದ ಇದರ ಹೂವಿನ ಪಳೆಯುಳಿಕೆಗೆ ಸುಮಾರು 4.75 ಕೋಟಿ ವರ್ಷ ವಯಸ್ಸು. ಅಷ್ಟು ಹಳೆಯ, ಅಷ್ಟು ದೊಡ್ಡ ವಂಶದ ಒಂದು ಕುಡಿ ಇಂದ್ರಾಯಣಿ ಭತ್ತ ಕೊಯ್ದುಕೊಂಡ ಗದ್ದೆಯಲ್ಲಿ, ಕೂಳೆಗಳ ನಡುವಿನ ತೇವದಲ್ಲಿ, ಗೇಣುದ್ದ ಎದ್ದು ನಿಂತು ಹೂ ಬಿಡುತ್ತಿದೆ!

ದೂರದಿಂದ ಇದು ಗಿಡವಾಗಿ ಕಾಣುವುದಿಲ್ಲ. ನೆಲಕ್ಕೆ ಯಾರೋ ನೇರಳೆ ಬಳಿದಂತೆ ಬಣ್ಣ ಮಾತ್ರ ಕಾಣುತ್ತದೆ. ಬದುವಿನ ಮೇಲಿಂದ ಇಳಿದು, ಮೊಣಕಾಲೂರಿ ಕೂತರೆ ಗಿಡ ಬೇರೆ ಬೇರೆಯಾಗಿ ಬಿಡಿಸಿಕೊಳ್ಳುತ್ತದೆ. ನೆಟ್ಟಗೆ ನಿಂತ ಕಾಂಡ, ಅದಕ್ಕೆ ಕೆಂಪಿನ ಛಾಯೆ, ಮೈತುಂಬ ನವಿರಾದ ರೋಮ. ಎಲೆ ಒಮ್ಮೆ ಸೀಳಿ, ಸೀಳಿದ್ದು ಮತ್ತೆ ಸೀಳಿ, ಗಜ್ಜರಿ ಸೊಪ್ಪಿನ ಹತ್ತಿರ ಹತ್ತಿರ ಬರುತ್ತದೆ. ಗಿಡದ ನೆತ್ತಿಯಲ್ಲಿ ಕಾಂಡ ಕವಲೊಡೆದು, ಒಂದೊಂದು ಕವಲಿನ ತುದಿಗೂ ಒಂದೊಂದು ನೇರಳೆ ಗುಂಡು. ಎಲ್ಲವೂ ಬಹುತೇಕ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತವೆ. ನೆಲ ಬಣ್ಣ ಬಳಿದುಕೊಂಡಂತೆ ಕಾಣುವುದು ಅದಕ್ಕೇ.

ಇನ್ನು ಎಲೆ ಕಿವುಚಿ ಮೂಸಬೇಕು. ಅಲ್ಲಿದೆ ನೋಡಿ ಸೋಜಿಗ! ಕನ್ನಡದ ಮೂಗಿಗೆ ಅದು ತಟ್ಟನೆ ದವನ. ತೇರಿನ ದಿನ ದೇವರಿಗೆ ಏರಿಸುವ, ಹೂಮಾಲೆಯಲ್ಲಿ ನಡುನಡುವೆ ಕಟ್ಟುವ ಅದೇ ದವನದ ಹತ್ತಿರದ ಸಂಬಂಧಿ ಇಲ್ಲೆಲ್ಲೋ ಇದ್ದಾನೆ ಅನ್ನಿಸುವ ಘಾಟು ಬೆರೆತ ಸುಗಂಧ. ದವನಕ್ಕಿಂತ ಒರಟು, ಕೊನೆಗೆ ತುಸು ಕಹಿ. ಬೆರಳಿಗೆ ಹತ್ತಿದರೆ ಬೇಗ ಬಿಡುವುದಿಲ್ಲ. ಈ ಗಿಡವನ್ನು ಗುರುತಿಸುವುದಕ್ಕೆ ಕಣ್ಣಿಗಿಂತ ಮೊದಲು ಮೂಗನ್ನು ನಂಬಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದೇ ಗದ್ದೆಗಳಲ್ಲಿ ಅದೇ ಬಣ್ಣದ ಬೇರೆಯವೂ ಇವೆಯಲ್ಲ! ಮುಂಡಿ ಇದೆ. ಅದೂ ಇದೇ ಕುಟುಂಬ, ಅದೂ ಭತ್ತದ ಗದ್ದೆಯ ತೇವದ್ದೇ, ಅದಕ್ಕೂ ವಾಸನೆ ಇದೆ. ಆದರೆ ಅದರ ಹೂತಲೆ ದೊಡ್ಡ ಉಂಡೆ, ಕಾಂಡದ ಗುಂಟ ಎಲೆ ಇಳಿದು ರೆಕ್ಕೆಯಂತೆ ಅಂಟಿರುತ್ತದೆ, ಎಲೆ ಸೀಳಿರುವುದಿಲ್ಲ. ಸಹದೇವಿ ಇದೆ. ಬಣ್ಣ ಅದೇ ನೇರಳೆ, ಎಲೆ ಮಾತ್ರ ಇಡಿಯಾದದ್ದು, ಹೂ ಮಾಗಿದರೆ ಬಿಳಿ ಕೂದಲಿನ ಬೀಜ ಗಾಳಿಗೆ ಹಾರುತ್ತದೆ. ಇಡಿಯಾದ ಎಲೆಯ, ತಿಳಿನೀಲಿ ಹೂವಿನ ಅಜೆರಾಟಮ್ ಕಳೆ ಇದೆ, ಅದು ಅಮೆರಿಕ ಖಂಡದಿಂದ ಬಂದದ್ದು. ಈ ಮೂರನ್ನೂ ಬದಿಗಿಟ್ಟ ಮೇಲೆ ಸೀಳೆಲೆ, ನೇರಳೆ ಗುಂಡು, ದವನದ ಘಾಟು, ಕೂದಲಿಲ್ಲದ ಬೀಜ ನಾಲ್ಕೂ ಒಟ್ಟಿಗೆ ಬಂದರೆ ಅನುಮಾನವೇ ಬೇಡ. ಅದು ಗಂಗೋತ್ರಾ.

ಈಗ ಮತ್ತೆ ಭೂತಗನ್ನಡಿ. ಇಲ್ಲಿ ಅವಸರ ಮಾಡಬಾರದು. ಒಂದು ಹೂತಲೆಯನ್ನು ಬ್ಲೇಡಿನಿಂದ ನೆತ್ತಿಯಿಂದ ತೊಟ್ಟಿನವರೆಗೆ ನೇರ ಸೀಳಿ, ಎರಡು ಹೋಳನ್ನೂ ಬಿಳಿ ಕಾಗದದ ಮೇಲೆ ಮಲಗಿಸಿ. ಸೂರ್ಯಕಾಂತಿಯ ತಟ್ಟೆ ಚಪ್ಪಟೆ. ಇಲ್ಲಿಯದು ಚಪ್ಪಟೆಯಲ್ಲ. ಪೀಠ ಮೊದಲು ಮೇಲಕ್ಕೆ ಉಬ್ಬಿ ಏರುತ್ತದೆ, ಏರಿದ ಮೇಲೆ ತುದಿಯಲ್ಲಿ ಒಳಕ್ಕೆ ಕುಸಿದು ಪುಟ್ಟ ಬಟ್ಟಲಾಗುತ್ತದೆ. ಹೆಣ್ಣು ಹೂಗಳು ಬಟ್ಟಲಿನ ಹೊರಮೈಗೆ ಸುತ್ತಲೂ ಅಂಟಿವೆ. ಗಂಡು ಹೂಗಳು ಬಟ್ಟಲಿನ ಒಳಗಿವೆ. ಐದು ಮಿಲಿಮೀಟರಿನ ಒಂದು ಹೂತಲೆಯಲ್ಲಿ ಇಂಥ ವಾಸ್ತು! ಹೆಣ್ಣು ಹೂವಿಗೆ ದಳವೆಂಬುದು ಇಲ್ಲವೇ ಇಲ್ಲ ಅನ್ನಬಹುದು. ಒಂದು ಸಣ್ಣ ಕೊಳವೆ, ತುದಿಯಲ್ಲಿ ಒಂದೆರಡು ಹಲ್ಲು, ಅಷ್ಟೇ. ಆ ಕೊಳವೆಯಿಂದ ಶಲಾಕೆ ಉದ್ದಕ್ಕೆ ಹೊರಬಂದು ತುದಿಯಲ್ಲಿ ಎರಡಾಗಿ ಸೀಳಿ ಪರಾಗಕ್ಕಾಗಿ ಚಾಚಿಕೊಂಡಿರುತ್ತದೆ. ನಾವು ದೂರದಿಂದ ಕಂಡ ನೇರಳೆಯ ಎಷ್ಟೋ ಪಾಲು ಈ ಶಲಾಕೆಗಳದು.

ಗಂಡು ಹೂವಿನೊಳಗೆ ಇನ್ನೂ ಮೇಲಿನ ಬೆರಗು ಕಾದಿದೆ. ಸೇವಂತಿಗೆ ಕುಟುಂಬದ ಹೂಗಳಲ್ಲಿ ಐದು ಕೇಸರಗಳ ಪರಾಗಕೋಶಗಳು ಒಂದಕ್ಕೊಂದು ಅಂಟಿ ಕೊಳವೆಯಾಗುತ್ತವೆ, ಪರಾಗ ಆ ಕೊಳವೆಯ ಒಳಗಡೆಗೇ ಉದುರುತ್ತದೆ. ಅದು ಹೊರಗೆ ಬರಬೇಕಾದರೆ? ಕೆಳಗಿನಿಂದ ಶಲಾಕೆ ಬೆಳೆಯುತ್ತದೆ. ಬೆಳೆಯುತ್ತ ಬೆಳೆಯುತ್ತ ಕೊಳವೆಯೊಳಗಿನ ಪರಾಗವನ್ನು ತನ್ನ ಮೇಲ್ತುದಿಯಿಂದ ನೂಕಿ, ಹೊರಗಿನ ಗಾಳಿಗೆ, ಬಂದ ಹುಳುವಿನ ಹೊಟ್ಟೆಗೆ ಮುಟ್ಟಿಸುತ್ತದೆ. ಶಲಾಕೆ ಎಂದರೆ ಹೂವಿನ ಹೆಣ್ಣಂಗ ತಾನೆ. ಗಂಗೋತ್ರಾದ ನಡುವಿನ ಹೂಗಳಲ್ಲಿ ಆ ಹೆಣ್ಣಂಗಕ್ಕೆ ಬೀಜ ಕಟ್ಟುವ ಕೆಲಸವೇ ಉಳಿದಿಲ್ಲ, ಕೆಳಗಿನ ಅಂಡಾಶಯ ಬರಡು. ಆದರೂ ಶಲಾಕೆ ಇದೆ, ಬೆಳೆಯುತ್ತದೆ, ಪರಾಗ ನೂಕುತ್ತದೆ! ತಾಯಾಗುವ ಶಕ್ತಿ ಕಳೆದುಕೊಂಡ ಅಂಗ ಗಂಡು ಹೂವಿನ ಕೈಯಾಗಿ ದುಡಿಯುತ್ತಿದೆ. ಮೊದಲ ಸಲ ಇದು ಮನಸ್ಸಿಗೆ ಇಳಿದಾಗ ನಾನು ಭೂತಗನ್ನಡಿ ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟೆ.

ಇನ್ನೊಂದು ನಿಯಮ. ಈ ಕುಟುಂಬದ ಹೂತಲೆಗಳು ಹೊರಗಿನಿಂದ ಒಳಕ್ಕೆ ಅರಳುತ್ತವೆ. ಗಂಗೋತ್ರಾದಲ್ಲಿ ಹೊರಗಿರುವುದೆಲ್ಲ ಹೆಣ್ಣು, ಒಳಗಿರುವುದೆಲ್ಲ ಗಂಡು. ಹಾಗಾಗಿ ಪ್ರತಿ ಹೂತಲೆಯೂ ಮೊದಲು ಹೆಣ್ಣಾಗಿ ಬಾಳಿ, ಅಕ್ಕಪಕ್ಕದ ತಲೆಗಳಿಂದ ಬಂದ ಪರಾಗಕ್ಕೆ ಮುಂಗೈ ಚಾಚಿ, ಆಮೇಲೆ ತನ್ನ ನಡುವಿನ ಬಟ್ಟಲು ತೆರೆಯುತ್ತದೆ. ಒಂದೇ ಗಿಡದಲ್ಲಿ ನೆತ್ತಿಯ ತಲೆಗಳು, ಬದಿಯ ತಲೆಗಳು ಬೇರೆ ಬೇರೆ ಹಂತದಲ್ಲಿರುವುದನ್ನು ಭೂತಗನ್ನಡಿ ಹಿಡಿದು ಒಂದೊಂದಾಗಿ ಓದಬಹುದು.

ಆ ಬಟ್ಟಲನ್ನು ನೆಚ್ಚಿಕೊಂಡೇ ಈ ಗಿಡಕ್ಕೆ ಒಂದು ಪ್ರತ್ಯೇಕ ಕುಲ ಕಟ್ಟಿಕೊಟ್ಟವನು ಫ್ರಾನ್ಸಿನ ಆನ್ರಿ ಕ್ಯಾಸಿನಿ, 1829ರಲ್ಲಿ. ಆ ಮನೆತನದ ಹೆಸರು ಕೇಳಿದಂತಿದೆಯಲ್ಲವೆ? ಶನಿಗ್ರಹದ ಬಳೆಗಳ ನಡುವಿನ ಕಪ್ಪು ಸಂದನ್ನು 1675ರಲ್ಲಿ ಕಂಡ ಖಗೋಳಜ್ಞ ಕ್ಯಾಸಿನಿಯ ಐದನೆಯ ತಲೆಮಾರು ಇವನು. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಆಕಾಶ ಅಳೆದವರು. ಪ್ಯಾರಿಸ್ಸಿನ ವೀಕ್ಷಣಾಲಯದಲ್ಲೇ 1781ರಲ್ಲಿ ಹುಟ್ಟಿದ ಆನ್ರಿ ಹೊಟ್ಟೆಪಾಡಿಗೆ ನ್ಯಾಯಾಲಯದ ವೃತ್ತಿ ಹಿಡಿದ. ಮನಸ್ಸನ್ನು ಮಾತ್ರ ಸೇವಂತಿಗೆ ಕುಟುಂಬವೊಂದಕ್ಕೇ ಕೊಟ್ಟ. ಮಿಲಿಮೀಟರು ಉದ್ದದ ಹೂಗಳ ಶಲಾಕೆ ಹೇಗೆ ಸೀಳಿದೆ, ಪರಾಗಕೋಶದ ಬುಡ ಹೇಗಿದೆ ಎಂದು ನೋಡಿ ನೋಡಿ ಆ ಕುಟುಂಬವನ್ನು ಪಂಗಡಗಳಾಗಿ ವಿಂಗಡಿಸಿದ. ಅವನ ಆ ವಿಂಗಡಣೆಯ ಬೆನ್ನೆಲುಬು ಇವತ್ತಿಗೂ ಉಳಿದಿದೆ. 1832ರಲ್ಲಿ ಪ್ಯಾರಿಸ್ಸಿನ ಕಾಲರಾಕ್ಕೆ ಬಲಿಯಾದ. ತಾತಂದಿರು ಶನಿಯ ಬಳೆ ಎಣಿಸಿದರು, ಮೊಮ್ಮಗ ಗದ್ದೆಯ ಕಳೆಯೊಳಗಿನ ಬಟ್ಟಲು ಕಂಡ. ಎರಡಕ್ಕೂ ಬೇಕಾದ ತಾಳ್ಮೆ ಒಂದೇ ಎಂದು ನನಗನ್ನಿಸುತ್ತದೆ.

ಆದರೆ ಕ್ಯಾಸಿನಿಗೂ ಮೊದಲು ಈ ಗಿಡವನ್ನು ಕೈಯಲ್ಲಿ ಹಿಡಿದವನೊಬ್ಬನಿದ್ದಾನೆ. ಅವನು ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಫ್ರಾನ್ಸಿಸ್ ಬುಕಾನನ್! ಟಿಪ್ಪು ಬಿದ್ದ ಮರುವರ್ಷ, 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರು ಸುತ್ತಿ, ನಮ್ಮ ಊರೂರಿನ ಬೆಳೆ, ಗಾಣ, ಮಗ್ಗ, ಕೆರೆ ಎಲ್ಲವನ್ನೂ ಬರೆದಿಟ್ಟವನು. ಆ ಪ್ರಯಾಣ ಮುಗಿದ ಮೇಲೆ 1802–03ರಲ್ಲಿ ಅವನು ನೇಪಾಳಕ್ಕೆ ಹೋದ. ಅಲ್ಲಿಯ ಸಂಗ್ರಹಗಳನ್ನು ಆಧರಿಸಿ ಡೇವಿಡ್ ಡಾನ್ 1825ರಲ್ಲಿ ನೇಪಾಳದ ಸಸ್ಯಗಳ ಪುಸ್ತಕ ತಂದಾಗ, ಬುಕಾನನ್ ಕೊಟ್ಟ ಹೆಸರಿನಲ್ಲೇ ಈ ನೇರಳೆ ಹೂ ಅದರಲ್ಲಿ ಸೇರಿತು. ಟ್ಯಾನಸೀಟಮ್ ಪರ್ಪ್ಯೂರಿಯಮ್ ಎಂದು. ಟ್ಯಾನಸೀಟಮ್ ಅಂದರೆ ಯೂರೋಪಿನ ಟ್ಯಾನ್ಸಿಯ ಕುಲ, ಸೀಳೆಲೆಯ, ಕಟುಗಂಧದ ಗಿಡಗಳದು. ನಾವು ದವನ ಅಂದುಕೊಂಡ ಹಾಗೆ ಆ ಸ್ಕಾಟ್ಲೆಂಡಿನ ವೈದ್ಯ ಟ್ಯಾನ್ಸಿ ಅಂದುಕೊಂಡನೋ ಏನೋ! ಮುಂದೆ ಕ್ಯಾಸಿನಿ ತನ್ನ ಪಾಡಿಗೆ ಇನ್ನೊಂದು ಹೆಸರು ಕೊಟ್ಟ, ಸಯಥೋಕ್ಲೈನ್ ಲೈರೇಟಾ. ಎರಡೂ ಒಂದೇ ಗಿಡ. ಜರ್ಮನಿಯ ಓಟೊ ಕುಂಟ್ಸೆ 1891ರಲ್ಲಿ ಕ್ಯಾಸಿನಿಯ ಕುಲವನ್ನೂ ಬುಕಾನನ್ನನ ಪ್ರಭೇದದ ಹೆಸರನ್ನೂ ಜೋಡಿಸಿ ಈಗಿನ ಹೆಸರು ಮಾಡಿದ. ಶ್ರೀರಂಗಪಟ್ಟಣದ ಬೀದಿ ನೋಡಿದ ಕಣ್ಣು, ಶನಿಯನ್ನು ನೋಡಿದ ವಂಶ, ಎರಡೂ ಪುಣೆಯ ಪಶ್ಚಿಮದ ಮಾವಳ ಸೀಮೆಯ ಗದ್ದೆಯ ಈ ಗುಂಡಿನಲ್ಲಿ ಬಂದು ಸೇರಿವೆ!

ಪುಣೆಯಲ್ಲಿ ಕೂತು ಗಿಡ ಗುರುತಿಸುವವರಿಗೆ ಇನ್ನೊಬ್ಬ ಹಿರಿಯರ ಋಣವೂ ಇದೆ. ಥಿಯೊಡರ್ ಕುಕ್. ಐರ್ಲೆಂಡಿನಿಂದ ರೈಲ್ವೆ ಎಂಜಿನಿಯರಾಗಿ ಬಂದು, ವಸಈಯಲ್ಲಿ ಕಬ್ಬಿಣದ ಸೇತುವೆ ಕಟ್ಟಿ, ಆಮೇಲೆ ಪುಣೆಯ ಎಂಜಿನಿಯರಿಂಗ್ ಕಾಲೇಜಿನ ಪ್ರಿನ್ಸಿಪಾಲರಾಗಿ 1893ರವರೆಗೆ ಇದ್ದವರು. ನಿವೃತ್ತರಾದ ಮೇಲೆ ಲಂಡನ್ನಿಗೆ ಹೋಗಿ ಸುಮ್ಮನಿರದೆ ಮುಂಬಯಿ ಪ್ರಾಂತ್ಯದ ಸಸ್ಯಸಂಪತ್ತನ್ನೆಲ್ಲ ಬರೆದರು. 1901ರಿಂದ 1908ರವರೆಗೆ ಕಂತು ಕಂತಾಗಿ ಅದು ಅಚ್ಚಾಯಿತು. ಮುಂಬಯಿ ಪ್ರಾಂತ್ಯ ಅಂದರೆ ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡವೂ ಬಂತಲ್ಲ. ಹೀಗಾಗಿ ಪುಣೆಯವರ ಪುಸ್ತಕ ನಮ್ಮ ಪುಸ್ತಕವೂ ಹೌದು. ಅದರಲ್ಲಿ ಗಂಗೋತ್ರಾ ಕ್ಯಾಸಿನಿ ಕೊಟ್ಟ ಹಳೆಯ ಹೆಸರಿನಲ್ಲಿದೆ. ಹೊಸ ಹೆಸರಿಗಾಗಿ ಹುಡುಕಿದರೆ ಸಿಗದು. ಗಿಡದ ಹಳೆಯ ಹೆಸರುಗಳನ್ನೂ ಜೊತೆಗೆ ಬರೆದಿಟ್ಟುಕೊಳ್ಳಬೇಕು ಎಂದು ಹೇಳುವುದು ಈ ಕಾರಣಕ್ಕೆ. ಪುಸ್ತಕದಾಚೆಗೂ ದಾರಿಯಿದೆ. ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ವಲಯದ ಕಚೇರಿ 1955ರಿಂದ ಪುಣೆಯಲ್ಲೇ ಇದೆ. 1946ರಲ್ಲಿ ಶುರುವಾದ, ಈಗ ಆಘಾರ್ಕರ್ ಸಂಶೋಧನಾಲಯ ಎಂಬ ಹೆಸರಿನ ಸಂಸ್ಥೆಯೂ ಇಲ್ಲೇ ಇದೆ. ಒತ್ತಿ ಒಣಗಿಸಿದ ಗಿಡಗಳ ದೊಡ್ಡ ಭಂಡಾರಗಳು ಎರಡರಲ್ಲೂ ಇವೆ.

ಇಷ್ಟೆಲ್ಲ ತಿಳಿದ ಮೇಲೆ ಇದನ್ನು ಮನೆಯಲ್ಲಿ ಬೆಳೆಸಬೇಕೆಂಬ ಹುಕಿ ಹುಟ್ಟದಿದ್ದೀತೆ! ಬೆಳೆಸಲು ಹೊರಟವರಿಗೆ ಮೊದಲು ಎದುರಾಗುವುದು ಬೀಜ. ಈ ಕುಟುಂಬದ ಬೀಜವೆಂದರೆ ಕೂದಲಿನ ಕೊಡೆ ಬಿಚ್ಚಿ ಗಾಳಿಯಲ್ಲಿ ಹೊರಡುವುದು ಎಂದೇ ನಮಗೆ ಅಭ್ಯಾಸ. ಗಂಗೋತ್ರಾಕ್ಕೆ ಆ ಕೊಡೆ ಇಲ್ಲ! ಬೋಳು ಬೀಜ, ಧೂಳಿನಷ್ಟು ಸಣ್ಣದು. ಗಾಳಿಯ ಸವಾರಿ ಬಿಟ್ಟುಕೊಟ್ಟ ಈ ಗಿಡ ಕೆಸರನ್ನೇ ನೆಚ್ಚಿದೆ ಅಂತ ನನಗೆ ಕಾಣುತ್ತದೆ. ಬೀಜ ಉದುರಿದಲ್ಲೇ ಬೀಳುತ್ತದೆ, ಬೇಸಗೆಯಲ್ಲಿ ನೆಲದ ಬಿರುಕಿಗೆ ಇಳಿಯುತ್ತದೆ, ಮಳೆನೀರಿನ ಜೊತೆ ಗದ್ದೆಯಿಂದ ಗದ್ದೆಗೆ ಸಾಗುತ್ತದೆ. ಎತ್ತಿನ ಗೊರಸಿಗೆ, ರೈತರ ಅಂಗಾಲಿಗೆ, ಕೊಕ್ಕರೆಯ ಪಾದಕ್ಕೆ ಹತ್ತಿದ ಮಣ್ಣಿನಲ್ಲಿ ಎಷ್ಟಿರುತ್ತದೋ!

ಕೆಸರಿನಲ್ಲಿ ಎಷ್ಟು ಬೀಜ ಅಡಗಿರುತ್ತದೆ ಎಂದು ಲೆಕ್ಕ ಮಾಡಿ ತೋರಿಸಿದವರು ಚಾರ್ಲ್ಸ್ ಡಾರ್ವಿನ್. ಒಂದು ಪುಟ್ಟ ಹೊಂಡದ ಅಂಚಿನಿಂದ ಫೆಬ್ರವರಿಯಲ್ಲಿ ಮೂರು ಕಡೆ ಒಟ್ಟು ಮೂರು ದೊಡ್ಡ ಚಮಚ ಕೆಸರು ತೆಗೆದು ತಮ್ಮ ಓದುವ ಕೋಣೆಯಲ್ಲಿ ಮುಚ್ಚಿಟ್ಟರು. ಮೊಳೆತ ಸಸಿಗಳನ್ನು ಒಂದೊಂದಾಗಿ ಕಿತ್ತು ಎಣಿಸುತ್ತ ಆರು ತಿಂಗಳು ಕಳೆದರು. ಒಟ್ಟು 537 ಗಿಡ! ಆ ಕೆಸರೆಲ್ಲ ಸೇರಿ ಒಂದು ಬಟ್ಟಲು ತುಂಬುವಷ್ಟು ಮಾತ್ರವಿತ್ತು. 1859ರ ಅವರ ಗ್ರಂಥದಲ್ಲಿ ಇದು ದಾಖಲಾಗಿದೆ. ಅದನ್ನು ಓದಿದ ಮೇಲೆ ನನಗೆ ಗದ್ದೆಯ ಮಣ್ಣಿನ ಹೆಂಟೆಯನ್ನು ಬರಿ ಮಣ್ಣಾಗಿ ನೋಡಲು ಆಗಿಲ್ಲ.

ಬೀಜ ತರುವ ಕಾಲ ಫೆಬ್ರವರಿ, ಮಾರ್ಚ್. ನೇರಳೆ ಹೋಗಿ ಹೂತಲೆ ಕಂದಾಗಿ, ಬೆರಳಲ್ಲಿ ಹೊಸಕಿದರೆ ಪುಡಿಯಾಗಬೇಕು. ಗದ್ದೆಯವರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ, ಕಳೆ ಕಿತ್ತುಕೊಂಡು ಹೋಗುತ್ತೇನೆಂದರೆ ಚಹಾ ಕುಡಿಸಿ ಕಳಿಸುತ್ತಾರೆ. ಬೇಕಾದದ್ದು ನಾಲ್ಕೈದು ತಲೆ ಮಾತ್ರ. ಪ್ಲಾಸ್ಟಿಕ್ ಚೀಲ ಬೇಡ, ಕಾಗದದ ಪೊಟ್ಟಣ ಸಾಕು. ಬೇಸಗೆ, ಮಳೆಗಾಲ ಎರಡನ್ನೂ ಅದು ಪೊಟ್ಟಣದಲ್ಲೇ ಕಳೆಯಲಿ. ಬಿತ್ತುವುದು ಮಳೆ ಹಿಂದೆ ಸರಿಯುವಾಗ, ಸೆಪ್ಟೆಂಬರಿನ ಕೊನೆಗೆ ಅಥವಾ ಅಕ್ಟೋಬರಿನಲ್ಲಿ. ಇದೇ ಇಡೀ ವಿದ್ಯೆಯ ಗುಟ್ಟು ಎಂದು ನಾನು ತಿಳಿದಿದ್ದೇನೆ. ನಾವು ಸಾಮಾನ್ಯವಾಗಿ ಮಳೆ ಬಂತೆಂದು ಬಿತ್ತುತ್ತೇವೆ, ಗಂಗೋತ್ರಾವನ್ನು ಮಳೆ ಹೋಯಿತೆಂದು ಬಿತ್ತಬೇಕು. ನಿಂತ ನೀರು ಇಂಗುತ್ತ, ನೆಲ ಗಾಳಿಗೆ ತೆರೆದುಕೊಳ್ಳುತ್ತ, ಬಿಸಿಲು ಹಿತವಾಗುತ್ತ ಬರುವ ಆ ಕೆಲವು ವಾರಗಳಿವೆಯಲ್ಲ, ಅದು ಇದರ ಮುಹೂರ್ತ. ವರ್ಷಕ್ಕೆ ಸುಮಾರು 700 ಮಿಲಿಮೀಟರು ಮಳೆಯ ಪುಣೆ ನಗರದಲ್ಲಿ ಆ ತೇವ ಬೇಗ ಮುಗಿಯುತ್ತದೆ. ಅದರ ಎಷ್ಟೋ ಪಟ್ಟು ಮಳೆ ಸುರಿಯುವ ಮುಳಶಿ, ತಾಮ್ಹಿಣಿ ಕಡೆಯ ಗದ್ದೆಗಳಲ್ಲಿ ಚಳಿಗಾಲದವರೆಗೂ ಜಿನುಗು ಇರುತ್ತದೆ. ಬಾಲ್ಕನಿಯಲ್ಲಿ ನಾವು ಮಾಡಬೇಕಾದದ್ದು ಆ ಜಿನುಗನ್ನು ಮುಂದುವರಿಸುವುದು.

ಅಗಲವಾದ, ಆಳ ಕಡಿಮೆಯ ಕುಂಡವನ್ನು ಆರಿಸಿಕೊಳ್ಳಿ. ಗದ್ದೆಯ ಜೇಡಿಮಣ್ಣು ಎರಡು ಪಾಲು, ಮರಳು ಒಂದು ಪಾಲು. ಗೊಬ್ಬರ ಹಾಕಲು ಕೈ ತುರಿಸುತ್ತದೆ, ಹಾಕಬೇಡಿ. ಮಣ್ಣನ್ನು ಚೆನ್ನಾಗಿ ನೆನೆಸಿ, ಮಟ್ಟ ಮಾಡಿ, ಬೀಜವನ್ನು ಒಂದು ಚಿಟಿಕೆ ಒಣ ಮರಳಿನಲ್ಲಿ ಕಲೆಸಿ ಮೇಲೆ ಉದುರಿಸಿ. ಮಣ್ಣು ಮುಚ್ಚಬೇಡಿ! ಇಷ್ಟು ಸಣ್ಣ ಬೀಜದೊಳಗೆ ಮಣ್ಣು ಸೀಳಿ ಬರುವಷ್ಟು ಬುತ್ತಿ ಇರುವುದಿಲ್ಲ, ಅದಕ್ಕೆ ಬೆಳಕು ಕಾಣಬೇಕು. ಮೇಲಿನಿಂದ ನೀರು ಹೊಯ್ದರೆ ಬೀಜವೆಲ್ಲ ಒಂದು ಮೂಲೆಗೆ ಕೊಚ್ಚಿಹೋಗುತ್ತದೆ. ಕುಂಡವನ್ನು ನೀರಿನ ತಟ್ಟೆಯಲ್ಲಿ ಕೂರಿಸಿ, ನೀರು ಕೆಳಗಿನಿಂದ ಏರಲಿ. ಅರ್ಧ ದಿನದ ಬಿಸಿಲು ಬೀಳುವ ಕಡೆ ಇಡಿ.

ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಒಂದು ಬೆಳಿಗ್ಗೆ ಮಣ್ಣಿನ ಮೇಲೆ ಹಸಿರು ಚುಕ್ಕೆ, ಹಾವಸೆಯೇನೋ ಅನ್ನಿಸುವ ಹಾಗೆ. ಭೂತಗನ್ನಡಿ ಹಿಡಿದರೆ ಎರಡೆರಡು ಬೀಜದೆಲೆ! ಎಷ್ಟು ಸಣ್ಣವೆಂದರೆ ನಮ್ಮ ಉಸಿರಿಗೆ ಅಲುಗುತ್ತವೆ. ಮುಂದಿನ ಎಲೆ ಇಡಿಯಾಗಿ ಬರುತ್ತದೆ, ಅದರ ಮುಂದಿನದು ಅಂಚಿನಲ್ಲಿ ಕಚ್ಚಿದ ಹಾಗೆ, ಅದರ ಮುಂದಿನದು ಸೀಳಿ, ಕೊನೆಗೆ ಸೀಳಿನೊಳಗೆ ಸೀಳು. ಒಂದು ಗಿಡ ತನ್ನ ಎಲೆಯನ್ನು ಹಂತಹಂತವಾಗಿ ಬಿಡಿಸುತ್ತ ಹೋಗುವುದನ್ನು ಕುಂಡದ ಪಕ್ಕ ಕೂತೇ ನೋಡಬಹುದು. ಎಲೆಗಳು ಮೊದಲು ನೆಲಕ್ಕೊರಗಿ ಚಕ್ರವಾಗಿ ಹರಡುತ್ತವೆ. ಆ ಹಂತದಲ್ಲಿ ದಟ್ಟವಾಗಿರುವಲ್ಲಿ ಕಿತ್ತು ಬೆರಳಗಲ ಜಾಗ ಬಿಡಿಸಬೇಕು. ಕಿತ್ತ ಸಸಿಯನ್ನು ಮೂಸಿ ನೋಡಿ. ಉಗುರಿನಷ್ಟಿದ್ದಾಗಲೇ ಅದಕ್ಕೆ ದವನದ ಘಾಟು ಬಂದಿರುತ್ತದೆ! ಚಳಿ ಬಿದ್ದ ಮೇಲೆ ಚಕ್ರದ ನಡುವಿನಿಂದ ಕೆಂಪು ಕಾಂಡ ಏಳುತ್ತದೆ, ಕವಲೊಡೆಯುತ್ತದೆ, ಮೊಗ್ಗು ಕಟ್ಟುತ್ತದೆ. ಇಷ್ಟು ದಿನವೂ ತಟ್ಟೆಯ ನೀರು ಒಣಗಬಾರದು. ಒಂದು ಮಧ್ಯಾಹ್ನ ಒಣಗಿದರೂ ಗಿಡ ತಲೆ ಬಗ್ಗಿಸುತ್ತದೆ. ಇದು ವಾರ್ಷಿಕ ಗಿಡ, ಬೇಸಗೆಗೆ ಸಾಯುತ್ತದೆ. ಸತ್ತಿತೆಂದು ಕುಂಡ ಖಾಲಿ ಮಾಡಬೇಡಿ. ಮಣ್ಣು ಹಾಗೇ ಇರಲಿ, ಮಳೆಗಾಲವಿಡೀ ನೆನೆಯಲಿ, ಬೀಜ ಅಲ್ಲೇ ಇದೆ.

ಒಂದು ಎಚ್ಚರಿಕೆ. ಈ ಸುಗಂಧದ ಹಿಂದೆ ಬಿರುಸಾದ ರಸಾಯನಗಳಿವೆ. ಸೆಸ್ಕ್ವಿಟರ್ಪೀನ್ ಲ್ಯಾಕ್ಟೋನ್ ಎಂಬ ಗುಂಪಿನವು. ಗಂಗೋತ್ರಾದಿಂದ ಬೇರ್ಪಡಿಸಿದ ಸಾಂಟಮರಿನ್ ಅಂಥದೊಂದು. ನಾಲಿಗೆಗೆ ಬರುವ ಕಹಿ, ಹುಳಹುಪ್ಪಟೆ ಎಲೆ ತಿನ್ನದಂತೆ ಕಾಯುವ ರಕ್ಷೆ ಇಂಥವುಗಳದು. ಇದೇ ಗುಂಪಿನ ಪಾರ್ಥೆನಿನ್ ಎಂಬುದು ಕಾಂಗ್ರೆಸ್ ಗಿಡದಲ್ಲಿದೆ. ಅದರಿಂದಲೇ ಎಷ್ಟೋ ಜನರಿಗೆ ಚರ್ಮದ ತುರಿಕೆ. ಕಾಂಗ್ರೆಸ್ ಗಿಡ ಭಾರತದಲ್ಲಿ ನೆಲೆಯೂರಿ ಹರಡತೊಡಗಿದ್ದನ್ನು ಮೊದಲು ದಾಖಲಿಸಿದ್ದೂ ಪುಣೆಯಲ್ಲೇ, 1950ರ ದಶಕದ ನಡುವೆ. ಅದೂ ಸೇವಂತಿಗೆಯ ಬಳಗವೇ. ಕಾಂಗ್ರೆಸ್ ಗಿಡದ ಅಲರ್ಜಿ ಇರುವವರು ಗಂಗೋತ್ರಾದ ಎಲೆಯನ್ನೂ ಬರಿಗೈಯಲ್ಲಿ ಕಿವುಚದಿರುವುದು ಒಳ್ಳೆಯದು. ಯಾರೂ ಇದನ್ನು ಔಷಧಿಯೆಂದು ತಾವೇ ಕುದಿಸಿ ಕುಡಿಯಬಾರದು.

ನನಗೆ ನಿಜವಾಗಿ ಕಳವಳ ಹುಟ್ಟಿಸುವುದು ಕೆಸರಿನ ಗತಿ. ಪುಣೆಯಲ್ಲಿ ಹಳ್ಳಕ್ಕೆ ಓಢಾ ಅನ್ನುತ್ತಾರೆ. ಕಾತ್ರಜ್ ಕಡೆಯಿಂದ ಇಳಿಯುವ ಅಂಬಿಲ್ ಓಢಾ, ಭೂಗಾಂವ್, ಬಾವಧನ್, ಪಾಷಾಣ್ ಹಾದು ಬರುವ ರಾಮನದಿ, ಇವುಗಳಿಗೆ ಬಹಳ ಕಡೆ ಗೋಡೆ ಕಟ್ಟಿದ್ದಾರೆ. ಗೋಡೆ ಕಟ್ಟಿದ ಹಳ್ಳದಲ್ಲಿ ನೀರಿರಬಹುದು, ಅಂಚು ಇರುವುದಿಲ್ಲ. ನೀರಿಗೂ ನೆಲಕ್ಕೂ ನಡುವಿನ ಒಂದು ಮಾರಿನ ತೇವವೇ ಗಂಗೋತ್ರಾದ ಮನೆ. ಈ ಗಿಡ ಅಪರೂಪದ್ದಲ್ಲ. ಭಾರತದಲ್ಲಿ ಹಲವೆಡೆ, ನೇಪಾಳದಿಂದ ಮ್ಯಾನ್ಮಾರ್, ದಕ್ಷಿಣ ಚೀನಾದವರೆಗೂ ಹರಡಿದೆ, ನಮ್ಮ ಬೆಳಗಾವಿ, ಉತ್ತರ ಕನ್ನಡದ ಗದ್ದೆಗಳಲ್ಲೂ ಇದೆ. ಆದರೆ ಗಾಳಿಯಲ್ಲಿ ಹಾರಿಬರುವ ಬೀಜವಿಲ್ಲದ ಗಿಡ ಒಂದು ಹಳ್ಳದಿಂದ ಒಮ್ಮೆ ಹೋದರೆ ತಾನಾಗಿ ವಾಪಸು ಬರುವುದು ಸುಲಭವಲ್ಲ. ಹಳ್ಳದ ಸುಂದರೀಕರಣದ ನಕ್ಷೆ ಬರೆಯುವವರು ಒಂದು ಸಲ ನವೆಂಬರಿನಲ್ಲಿ ಮುಳಶಿ ಕಡೆಯ ಯಾವುದಾದರೂ ಓಢೆಯ ಅಂಚಿಗೆ ಇಳಿದು ನೋಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇನ್ನು ನನ್ನ ತಲೆಗೆ ಹತ್ತಿರುವುದು ಇದರ ಹಳದಿ ತಂಗಿ. ಸಯಥೋಕ್ಲೈನ್ ಲೂಟಿಯಾ! ಪಶ್ಚಿಮಘಟ್ಟದ ಎತ್ತರದ ಕಲ್ಲುಹಾಸುಗಳ ಮೇಲೆ ನೀರು ಜಿನುಗುವಲ್ಲಿ ಬೆಳೆಯುವುದು. ನೇರಳೆಯದಕ್ಕಿಂತ ಚಿಕ್ಕ ಗಿಡ, ಹೂತಲೆ ಅಚ್ಚ ಹಳದಿ. ಗದ್ದೆಯ ಜೇಡಿಯಲ್ಲಿ ಬೇರು ಬಿಡುವ ಅಕ್ಕ, ಬಂಡೆಯ ಮೇಲೆ ಬೆರಳಗಲ ಮಣ್ಣಿನಲ್ಲಿ ಬದುಕುವ ತಂಗಿ. ಒಂದೇ ಕುಲ! ಆ ಹಳದಿ ತಲೆಯನ್ನು ಸೀಳಿದರೂ ಒಳಗೆ ಅದೇ ಬಟ್ಟಲು ಇರಲೇಬೇಕು. ಬಟ್ಟಲಿನ ಆಳ ಎಷ್ಟು, ಹೆಣ್ಣು ಹೂಗಳು ಎಷ್ಟು ಸುತ್ತು, ಅದರ ಎಲೆಗೂ ದವನದ ಘಾಟು ಇದೆಯೇ, ಇದ್ದರೆ ಅಕ್ಕನಷ್ಟೇ ಬಿರುಸೇ? ಸಾತಾರದ ಕಡೆಯ ಕಲ್ಲುಹಾಸುಗಳಲ್ಲಿ ಹೂವಿನ ಕಾಲ ಮುಗಿದು ಪ್ರವಾಸಿಗರ ಗದ್ದಲ ಇಳಿದ ಮೇಲೆ, ಜಿನುಗು ಇನ್ನೂ ಆರದಿರುವ ಹೊತ್ತಿಗೆ, ಭೂತಗನ್ನಡಿ ಮತ್ತು ಬಿಳಿ ಕಾಗದ ಹಿಡಿದು ಅಲ್ಲಿಗೆ ಹೊರಟಿದ್ದೇನೆ. ರಕ್ಷಿತ ಪ್ರದೇಶವಾದ್ದರಿಂದ ಅಲ್ಲಿ ಕೀಳುವಂತಿಲ್ಲ, ಹೊಟ್ಟೆ ಅಡಿ ಮಾಡಿ ಮಲಗಿ ನೋಡಬೇಕಷ್ಟೇ. ನಿಮ್ಮ ಊರ ಗದ್ದೆಯಲ್ಲಿ, ಖಾನಾಪುರದಲ್ಲೋ ಯಲ್ಲಾಪುರದಲ್ಲೋ ಜೋಯಿಡಾದಲ್ಲೋ, ಭತ್ತ ಕೊಯ್ದ ಮೇಲೆ ನೆಲ ನೇರಳೆಯಾದರೆ ಇಳಿದು ಒಂದು ಎಲೆ ಕಿವುಚಿ. ಅಲ್ಲಿಯವರು ಅದನ್ನು ಏನೆಂದು ಕರೆಯುತ್ತಾರೆ ಎಂದು ಗದ್ದೆಯ ಅಜ್ಜಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ.